ಕುದಿಸಿದ ನೀರು, ಸೋಸಿದ ನೀರು, ಯುವಿ ನೀರು: ಮೂರು ವಾರದ ಪಾಡು

ನಲ್ಲಿ ನೀರಲ್ಲಿ ಪರೋಪಜೀವಿ ಸಿಕ್ಕಿದೆ, ಕುದಿಸಿ ಕುಡಿಯಿರಿ ಎಂಬ ಸೂಚನೆ ಬಂದಾಗ ನಾನು ಮೊದಲು ಮಾಡಿದ್ದು ಒಂದು ಲೋಟ ನೀರು ಹಿಡಿದು ಬೆಳಕಿಗೆ ಒಡ್ಡಿ ನೋಡಿದ್ದು. ಕನ್ನಡಿಯಂಥ ತಿಳಿನೀರು. ಕ್ಲೋರಿನ್ ವಾಸನೆಯೂ ಮೂಗಿಗೆ ಬಡಿಯುತ್ತಿತ್ತು. ಮತ್ತೇನು ಭಯ ಅಂದುಕೊಂಡೆ.

ಭಯ ಇರುವುದೇ ಅಲ್ಲಿ. ಕ್ರಿಪ್ಟೋಸ್ಪೊರಿಡಿಯಂ (ಕ್ರಿಪ್ಟೊ) ಎಂಬ ಪರೋಪಜೀವಿ ಗಟ್ಟಿ ಚಿಪ್ಪಿನೊಳಗೆ ಕೂತಿರುತ್ತದೆ. ನಲ್ಲಿ ನೀರಿನಲ್ಲಿರುವಷ್ಟು ಕ್ಲೋರಿನ್‌ನಲ್ಲಿ ದಿನಗಟ್ಟಲೆ ಬದುಕುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಸುಮಾರು 4 ಲಕ್ಷ ಜನರ ಹೊಟ್ಟೆ ಕೆಡಿಸಿದ್ದು ಇದೇ, ಅದೂ ಶುದ್ಧೀಕರಣ ಘಟಕ ದಾಟಿ ಬಂದ ನೀರಿನಲ್ಲಿ. ಹಾಗಾಗಿ ಮನೆಯಲ್ಲಿದ್ದ ಕ್ಲೋರಿನ್ ಮಾತ್ರೆಗಳನ್ನು ಒಂದೇ ದಿನಕ್ಕೆ ಪೆಟ್ಟಿಗೆಗೆ ವಾಪಸ್ ಹಾಕಿದೆ. ಬ್ಯಾಕ್ಟೀರಿಯಾಕ್ಕಾದರೆ ಸರಿ, ಇದಕ್ಕೆ ಅವು ಲೆಕ್ಕಕ್ಕಿಲ್ಲ.

ಉಳಿದವನ್ನು ಒಂದೊಂದು ವಾರ ಬಳಸಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಯಾವ ನೀರಲ್ಲಿ ಜೀವಿ ಸತ್ತಿತು ಎಂದು ಅಡುಗೆಮನೆಯಲ್ಲಿ ನಿಂತು ಹೇಳಲಾಗದು. ನಾನು ನೋಡಿದ್ದು, ಎಲ್ಲೆಲ್ಲಿ ಕೈ ತಪ್ಪುತ್ತದೆ ಎಂಬುದನ್ನಷ್ಟೇ.

ಕುದಿಸುವುದರಲ್ಲಿ ತಪ್ಪಲು ಜಾಗ ಕಡಿಮೆ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಅಷ್ಟಕ್ಕೆ ಕ್ರಿಪ್ಟೊ, ಅದರಂತೆಯೇ ನೀರಲ್ಲಿ ಬರುವ ಇನ್ನೊಂದು ಪರೋಪಜೀವಿ ಜಿಯಾರ್ಡಿಯಾ, ಎರಡರ ಕಥೆಯೂ ಮುಗಿಯಿತು. ಹತ್ತು ನಿಮಿಷ ಕುದಿಸಿ ಇಂಧನ ಸುಡುವುದು ಬರೀ ಸಮಾಧಾನಕ್ಕೆ. ಕಷ್ಟವಿರುವುದು ಆರಿಸುವುದರಲ್ಲಿ. ಸಂಜೆ ಕುದಿಸಲು ಮರೆತರೆ ರಾತ್ರಿ ಬಿಸಿನೀರೇ ಗತಿ. ರುಚಿಯೂ ಸಪ್ಪೆ, ಎರಡು ಪಾತ್ರೆಗಳ ನಡುವೆ ಎತ್ತಿ ಸುರಿದರೆ ತುಸು ಜೀವ ಬರುತ್ತದೆ, ಪಾತ್ರೆ ಶುಚಿಯಾಗಿರಬೇಕು ಅಷ್ಟೆ.

ಎರಡನೇ ವಾರ ಸೆರಾಮಿಕ್ ಕ್ಯಾಂಡಲ್ ಫಿಲ್ಟರ್. ಇಲ್ಲಿ ಎಲ್ಲವೂ ರಂಧ್ರದ ಲೆಕ್ಕ. ಕ್ರಿಪ್ಟೊ 4ರಿಂದ 6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಒಂದು ಮೈಕ್ರಾನ್), ಜಿಯಾರ್ಡಿಯಾ ಅದರ ದುಪ್ಪಟ್ಟು. 1 ಮೈಕ್ರಾನ್ ಫಿಲ್ಟರ್ ತಡೆಯಲೇಬೇಕಲ್ಲ? ಆದರೆ ‘ನಾಮಿನಲ್’ 1 ಮೈಕ್ರಾನ್ ಅಂದರೆ ಹೆಚ್ಚುಕಡಿಮೆ ಅಷ್ಟು ಎಂದರ್ಥ. ದೊಡ್ಡ ರಂಧ್ರಗಳೂ ಇರಬಹುದು. ಬೇಕಾದದ್ದು ‘ಅಬ್ಸಲ್ಯೂಟ್’, ಅಂದರೆ ಅದಕ್ಕಿಂತ ದೊಡ್ಡ ರಂಧ್ರ ಇರದಂಥದ್ದು. ನನ್ನ ಡಬ್ಬಿಯ ಮೇಲೆ ಎರಡೂ ಇರಲಿಲ್ಲ, ಬರೀ 1 ಎಂಬ ಅಂಕಿ. ಐದನೇ ದಿನ ಕ್ಯಾಂಡಲ್ ಉಜ್ಜುವಾಗ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಯಾವತ್ತು ಬಿರುಕಿತೋ! ನೀರು ಮಾತ್ರ ಅಂದಿನಂತೆಯೇ ತಿಳಿಯಾಗಿ ತೊಟ್ಟಿಕ್ಕುತ್ತಿತ್ತು. ಅಂದೇ ಮತ್ತೆ ಒಲೆ ಹಚ್ಚಿದೆ.

ಆರ್‌ಒ ನಾನು ಕೊಳ್ಳಲಿಲ್ಲ, ಬಂಧುಗಳ ಮನೆಯದನ್ನು ನೋಡಿದೆ. ಅದರ ಪೊರೆ ಈ ಜೀವಿಗಳನ್ನು ದಾಟಗೊಡದಷ್ಟು ಸೂಕ್ಷ್ಮ, ಆದರೆ ಚೆಲ್ಲುವ ನೀರು ಕಂಡರೆ ಹೊಟ್ಟೆ ಉರಿಯುತ್ತದೆ. ಅವರು ಟಿಡಿಎಸ್ ಮೀಟರ್ ಅದ್ದಿ ‘ನೋಡು, ಎಷ್ಟು ಶುದ್ಧ’ ಎಂದರು. ಅದು ಅಳೆಯುವುದು ಕರಗಿದ ಲವಣವನ್ನು; ಪರೋಪಜೀವಿ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯದು ಯುವಿ, ಅಂದರೆ ನೀರಿಗೆ ನೇರಳಾತೀತ ಬೆಳಕು ಹಾಯಿಸುವ ಯಂತ್ರ, ನನಗೆ ಹಿಡಿಸಿದ್ದು. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೊ ಈ ಬೆಳಕಿಗೆ ಸುಲಭವಾಗಿ ಬಗ್ಗುತ್ತದೆ: ಡಿಎನ್‌ಎ ಕೆಟ್ಟು, ಹೊಟ್ಟೆ ಸೇರಿದರೂ ಸಂತಾನ ಬೆಳೆಯದು. ಕಾಯುವುದಿಲ್ಲ, ರುಚಿ ಕೆಡುವುದಿಲ್ಲ. ಆದರೆ ನೀರು ರಾಡಿಯಾದರೆ ಕಣಗಳ ನೆರಳಲ್ಲಿ ಜೀವಿ ಬಚಾವ್. ಕರೆಂಟು ಹೋದರೆ ಯಂತ್ರ ನಿಂತಿತು. ದೀಪ ಹೊಳೆಯುತ್ತಿದ್ದರೂ ಒಳಗಿನ ಶಕ್ತಿ ಕುಂದಿರುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬದಲಿಸಬೇಕು.

ಈಗ ಮಾಮೂಲಿ ದಿನಕ್ಕೆ ಯುವಿ, ಮುಂದೆ ಒಂದು ಅಬ್ಸಲ್ಯೂಟ್ ಫಿಲ್ಟರ್. ಸೂಚನೆ ಬಂದ ದಿನ ಪಾತ್ರೆ, ಒಲೆ. ಅಂದಹಾಗೆ, ಇಷ್ಟೆಲ್ಲ ಮಾಡಿದ ಆ ಮೂರು ವಾರವೂ ನಾನು ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ್ದು ನೇರ ನಲ್ಲಿ ನೀರಿನಲ್ಲೇ ಎಂಬುದು ಹೊಳೆದದ್ದು ಸೂಚನೆ ಹಿಂಪಡೆದ ಮರುದಿನ.