ಹೊರಗಿನ ಬ್ಯಾಟರಿ ತೆಗೆದರೆ ಸಾಲದು: ಹಳೆಯ ಲ್ಯಾಪ್‌ಟಾಪ್ ಬಿಚ್ಚುವವರ ಗಮನಕ್ಕೆ

ನನ್ನ ಲ್ಯಾಪ್‌ಟಾಪ್ 2014ರದು, ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರ್‌ನದು. ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ವೇಗವಾಗಿ ದತ್ತಾಂಶ ಓದುವ ಸಾಟಾ ಎಸ್‌ಎಸ್‌ಡಿ ಕೂರಿಸಿದ ದಿನವೇ, ಆನ್ ಆಗಲು ಮೂರ್ನಾಲ್ಕು ನಿಮಿಷ ಹಿಡಿಯುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಸಿದ್ಧವಾಗತೊಡಗಿತು. ಇದಕ್ಕೆ 1.5 ವೋಲ್ಟ್‌ನ ಡಿಡಿಆರ್3 ಅಲ್ಲ, 1.35 ವೋಲ್ಟ್‌ನ ಡಿಡಿಆರ್3ಎಲ್ ರ‍್ಯಾಮ್ ಬೇಕೆಂದು ಮೊದಲೇ ಓದಿಕೊಂಡಿದ್ದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಲೇಬಲ್ ಮೇಲೆ ಅದರ ಗುರುತಾದ ‘ಪಿಸಿ3ಎಲ್’ ಎಂದಿರುವುದನ್ನು ನೋಡಿಯೇ ಕೊಂಡು ತಂದು ಹಾಕಿದೆ. ಎರಡೂ ಕೆಲಸ ಸುಸೂತ್ರವಾಗಿ ಮುಗಿದ ಧೈರ್ಯದಲ್ಲಿ 1366×768 ಪಿಕ್ಸೆಲ್‌ಗಳ ಮಂಕು ಪರದೆ ತೆಗೆದು 1920×1080ರ ಪರದೆ ಹಾಕಲು ಕೈಹಾಕಿದೆ.

ಈ ಮಾದರಿಗೆ ಎರಡು ಬ್ಯಾಟರಿಗಳಿವೆ. ಕೆಳಗಿನಿಂದ ಕಳಚುವಂಥದ್ದು ಒಂದು, ಕವಚದೊಳಗೆ ಕುಳಿತಿರುವಂಥದ್ದು ಇನ್ನೊಂದು. ನಾನು ಚಾರ್ಜರ್ ಕಿತ್ತು, ಹೊರಗಿನ ಬ್ಯಾಟರಿಯನ್ನಷ್ಟೇ ತೆಗೆದಿದ್ದೆ. ಆಫ್ ಮಾಡಿದ ಮೇಲೂ ಒಳಗಿನ ಬ್ಯಾಟರಿಯಿಂದ ಮದರ್‌ಬೋರ್ಡಿಗೆ ವಿದ್ಯುತ್ ಹೋಗುತ್ತಲೇ ಇರುತ್ತದೆಂಬುದು ನನಗೆ ಹೊಳೆಯಲೇ ಇಲ್ಲ. ರ‍್ಯಾಮ್ ಬದಲಿಸುವಾಗಲೂ ಅದು ಹಾಗೇ ಇತ್ತು; ಆಗ ಏನೂ ಆಗದೆ ಉಳಿದದ್ದು ಅದೃಷ್ಟ ಮಾತ್ರ.

ಪರದೆಯ ಹಿಂದಿನ 30 ಪಿನ್‌ಗಳ ಕನೆಕ್ಟರ್ ತೀರಾ ಚಿಕ್ಕದು. ಅದರೊಳಗೆ ಕೇಬಲ್ ತುಸು ಓರೆಯಾಗಿ ಕೂತಿತು. ಸರಿಪಡಿಸಿ ಆನ್ ಮಾಡಿದರೆ ಫ್ಯಾನ್ ತಿರುಗಿತು, ಕೀಲಿಮಣೆಯ ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿದಾಗ ಲಾಗಿನ್ ಚಿತ್ರ ಬಹಳ ಮಸುಕಾಗಿ ಕಂಡಿತು. ಚಿತ್ರ ಬರುತ್ತಿತ್ತು, ಅದನ್ನು ಬೆಳಗಿಸುವ ಬ್ಯಾಕ್‌ಲೈಟ್ ಸತ್ತಿತ್ತು.

ರಿಪೇರಿಯವರು ಬೋರ್ಡನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಸಾಸಿವೆ ಕಾಳಿನಷ್ಟಿದ್ದ ಬ್ಯಾಕ್‌ಲೈಟ್ ಫ್ಯೂಸ್ ಸುಟ್ಟಿರುವುದನ್ನು ತೋರಿಸಿದರು. ಬ್ಯಾಕ್‌ಲೈಟಿಗೆ ಹೋಗುವ ಹೆಚ್ಚಿನ ವೋಲ್ಟೇಜಿನ ಪಿನ್‌ಗಳೂ ಇದೇ ಕನೆಕ್ಟರ್‌ನಲ್ಲಿರುವುದರಿಂದ, ಬ್ಯಾಟರಿ ಜೀವಂತವಿರುವಾಗ ಕೇಬಲ್ ಓರೆಯಾದರೆ ಹೀಗಾಗುವುದು ಅವರಿಗೆ ಹೊಸದಲ್ಲವಂತೆ. ಫ್ಯೂಸ್ ಬದಲಾಯಿತು, ಆದರೆ ಹೊಸ ಪರದೆಯ ಎಲ್‌ಇಡಿ ಸರ್ಕ್ಯೂಟೂ ಹೋಗಿತ್ತು. ಒಮ್ಮೆ ಜೋಡಿಸಿದ್ದನ್ನು ವಾಪಸು ತೆಗೆದುಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ. ಈಗ ಹಳೆಯ ಮಂಕು ಪರದೆಯೇ ಮತ್ತೆ ಕೂತಿದೆ.

ಬಿಚ್ಚುವ ಮೊದಲು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ತೆರೆದು, ಒಳಗೆ ಬ್ಯಾಟರಿ ಇದೆಯೇ ಎಂದು ದಯವಿಟ್ಟು ನೋಡಿ. ಕೆಲವು ಮಾದರಿಗಳಲ್ಲಿ, ಆನ್ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿಯೇ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ಇರುತ್ತದೆ. ಅದಿಲ್ಲದಿದ್ದರೆ ಕವಚ ತೆಗೆದೊಡನೆ, ಬೇರೇನನ್ನೂ ಮುಟ್ಟುವ ಮೊದಲು, ಬ್ಯಾಟರಿಯ ಕನೆಕ್ಟರನ್ನು ಬಿಡಿಸಿಡಿ. ಬಯಾಸ್‌ನಲ್ಲಿ ನಿಷ್ಕ್ರಿಯಗೊಳಿಸಿದ್ದರೆ, ನಡುವೆ ಪರೀಕ್ಷೆಗೆಂದು ಚಾರ್ಜರ್ ಸಿಕ್ಕಿಸಿದೊಡನೆ ಆ ಬ್ಯಾಟರಿ ಮತ್ತೆ ಜೀವ ಪಡೆಯುತ್ತದೆ. ಪ್ರತಿ ಸಲವೂ ಹೊಸದಾಗಿ ನಿಷ್ಕ್ರಿಯಗೊಳಿಸಿಯೇ ಕೈ ಹಾಕಬೇಕು.