ನಡುವೆ ಸೀಳಿದ ಉಪನಗರದ ಮನೆ: ಮಟ್ಟಾ-ಕ್ಲಾರ್ಕ್ ಅವರ ‘ಸ್ಪ್ಲಿಟಿಂಗ್’

ನ್ಯೂಯಾರ್ಕಿನಿಂದ ಹಡ್ಸನ್ ನದಿ ದಾಟಿದರೆ ಸಿಗುವ ನ್ಯೂಜೆರ್ಸಿಯ ಎಂಗಲ್‌ವುಡ್ ಎಂಬ ಉಪನಗರದಲ್ಲಿ, ಕೆಡವಲೆಂದು ಬಿಟ್ಟಿದ್ದ ಎರಡಂತಸ್ತಿನ ಮರದ ಮನೆಯೊಂದನ್ನು ಗಾರ್ಡನ್ ಮಟ್ಟಾ-ಕ್ಲಾರ್ಕ್ 1974ರಲ್ಲಿ ನಡುಮಧ್ಯಕ್ಕೆ ಸೀಳಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿಯೂ ಕಟ್ಟುವುದನ್ನು ಬಿಟ್ಟು ಕೊಯ್ಯುವುದಕ್ಕೆ ಹೊರಟ ಈ ಕಲಾವಿದರು ಯಂತ್ರಗರಗಸದಿಂದ ಮನೆಯುದ್ದಕ್ಕೂ ಎರಡು ಸಮಾನಾಂತರ ಸೀಳು ಹಾಕಿ, ಒಂದು ಅರ್ಧವನ್ನು ಜಾಕ್‌ಗಳ ಮೇಲೆ ಎತ್ತಿ ನಿಲ್ಲಿಸಿ, ಅದರಡಿಯ ತಳಪಾಯವನ್ನು ಓರೆಯಾಗಿ ಕಡಿದು, ಮತ್ತೆ ಮೆಲ್ಲಗೆ ಇಳಿಸಿದರು. ಆ ಅರ್ಧ ತುಸು ಹಿಂದಕ್ಕೆ ವಾಲಿ, ಮೇಲೆ ಅಗಲ, ಕೆಳಗೆ ಕಿರಿದಾದ ಬಿರುಕು ಬಾಯ್ದೆರೆಯಿತು.

ಕೆಲವೇ ತಿಂಗಳಲ್ಲಿ ಮನೆ ನೆಲಸಮವಾಯಿತು. ಛಾಯಾಚಿತ್ರಗಳ ಹೊರತಾಗಿ ಉಳಿದಿರುವುದು ಸುಮಾರು 11 ನಿಮಿಷದ ಮೂಕಚಿತ್ರ ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ಆಧುನಿಕ ಕಲಾ ಸಂಗ್ರಹಾಲಯದಲ್ಲಿರುವ, ಕೊಯ್ದು ತೆಗೆದ ಸೂರಿನ ನಾಲ್ಕು ಮೂಲೆಗಳು. ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗರಗಸವಲ್ಲ, ಬೆಳಕು: ಒಳಗೋಡೆ, ಮೆಟ್ಟಿಲು ಎನ್ನದೆ ಬಿಸಿಲಿನ ಒಂದೇ ಗೆರೆ ಹಾದುಹೋಗುತ್ತದೆ. ಯಾರೂ ಇಣುಕದಂತೆ ನಾಲ್ಕು ಗೋಡೆಯೊಳಗೆ ಬದುಕುವುದೇ ಉಪನಗರದ ಮನೆಯ ಭರವಸೆಯಾದರೆ, ಆ ಭರವಸೆಗೆ ಬಿದ್ದ ಏಟು ಇದೆಂದು ಯಾರೂ ವಿವರಿಸಬೇಕಾಗಿಲ್ಲ.

ಆದರೆ ನನ್ನ ತಕರಾರು ಇರುವುದೂ ಇಲ್ಲಿಯೇ. ಮನೆಯ ಒಡೆತನ ನ್ಯೂಯಾರ್ಕಿನ ಕಲಾ ಸಂಗ್ರಾಹಕರಾದ ಹಾಲಿ ಮತ್ತು ಹೊರೇಸ್ ಸಾಲೊಮನ್ ದಂಪತಿಯದು; ನೋಡಲು ಬಂದವರು ನಗರದಿಂದ ಬಸ್ಸಿನಲ್ಲಿ ಬಂದವರು; ಅಲ್ಲಿ ಬಾಡಿಗೆಗಿದ್ದವರಾದರೋ ತಮ್ಮ ಸಾಮಾನುಗಳನ್ನು ಬಿಟ್ಟು ಹೊರಟುಹೋಗಿದ್ದರು. ಮನೆ ಒಡೆಯಿತು ಎಂದರೆ ನಮಗೆ ಮೊದಲು ನೆನಪಾಗುವುದು ಅಣ್ಣತಮ್ಮಂದಿರ ಪಾಲೇ ಹೊರತು ಗೋಡೆಯಲ್ಲ. ಇಲ್ಲಿ ಗೋಡೆ ಬಹಳ ಚೆಂದವಾಗಿ ಒಡೆದಿದೆ, ಜನ ಮಾತ್ರ ಚೌಕಟ್ಟಿನಾಚೆಗೇ ಉಳಿದಿದ್ದಾರೆ. ಉಪನಗರವನ್ನು ನಗರದ ಕಣ್ಣಿನಿಂದಷ್ಟೇ ನೋಡಿದ ಕೃತಿಯೆಂಬ ಅನುಮಾನ ನನ್ನನ್ನು ಬಿಡಲಿಲ್ಲ.

ನೋಡುವವರು ಮೊದಲು ಚಿತ್ರ ನೋಡಿ, ಆಮೇಲೆ ಆ ನಾಲ್ಕು ಮೂಲೆಗಳ ಬಳಿಗೆ ಹೋಗುವುದು ಒಳ್ಳೆಯದು. ತಲೆಯೆತ್ತಿ ನೋಡಬೇಕಾದ ಸೂರು ಅಲ್ಲಿ ನೆಲದ ಮೇಲೆ ಕೂತಿದೆ. ಅದರ ಹೊರಬದಿಯ ಹಲಗೆಯನ್ನೂ ಕೊಯ್ದ ಅಂಚನ್ನೂ ಸುತ್ತಿ ಬಂದು ನೋಡಬಹುದು, ಅಡಿಯಲ್ಲಿ ನಿಲ್ಲಲು ಮಾತ್ರ ಆಗುವುದಿಲ್ಲ.