ಪಂಚಾಯಿತಿ ಲೈಬ್ರರಿ ಅರಿವು ಕೇಂದ್ರವಾದ ಮೇಲೆ: ವರ್ಷಗಟ್ಟಲೆ ಬಳಸಿದವಳ ವಿಮರ್ಶೆ

ರೇಟಿಂಗ್: 5ಕ್ಕೆ 4

ಹೊಸನಗರ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಯನ್ನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಬಳಸುತ್ತಿದ್ದೇನೆ. ಈಗ ಅದರ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ, ಒಳಗೆ ಕಂಪ್ಯೂಟರ್, ಟಿವಿ, ಇಂಟರ್ನೆಟ್ ಇವೆ. ಹೊರಗಿನಿಂದ ಬಂದವರು ಮೊದಲು ಮೆಚ್ಚುವುದು ಅವನ್ನೇ. ನಾನು ಕೊಟ್ಟ ನಾಲ್ಕು ಅಂಕದಲ್ಲಿ ಮೂರು ಅಲ್ಲಿ ಕೂರುವ ಮೇಲ್ವಿಚಾರಕಿಗೆ, ಮತ್ತು ಅವರನ್ನು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂರುವಂತೆ ಮಾಡಿದ ವ್ಯವಸ್ಥೆಗೆ.

2019ರವರೆಗೆ ಹಳ್ಳಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. ಆ ವರ್ಷ ಅವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಕಡತದಲ್ಲಿ ಇದು ಒಂದು ಸಾಲಿನ ಸಂಗತಿ ಇರಬಹುದು, ನಮಗೆ ಮಾತ್ರ ದೊಡ್ಡದು. ಮೊದಲು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಬಾಗಿಲು ತೆಗೆಯುತ್ತಿತ್ತು; ಕೊಟ್ಟಿಗೆ ಕೆಲಸ ಮುಗಿಸಿ ಹೋಗುವಷ್ಟರಲ್ಲಿ ಬೀಗ. ಹೆಂಚು ಒಡೆದು ನೀರು ಸೋರಿದರೆ ಯಾರನ್ನು ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ. ಈಗ ಪಿಡಿಒ ಅವರನ್ನು ಕೇಳಬಹುದು, ವಾರ್ಡ್ ಮೆಂಬರ್ ಸಂತೆಯಲ್ಲಿ ಸಿಕ್ಕರೆ ಅಲ್ಲೇ ಕೇಳಬಹುದು, ಗ್ರಾಮಸಭೆಯಲ್ಲಿ ಎದ್ದು ನಿಂತೂ ಕೇಳಬಹುದು. ಮನೆ ಕಂದಾಯದ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಆ ರಸೀದಿಯನ್ನು ಎಲ್ಲರೂ ಒಮ್ಮೆ ಸರಿಯಾಗಿ ಓದಬೇಕು. ಲೈಬ್ರರಿ ಯಾರೋ ದೊಡ್ಡವರು ಕೊಟ್ಟ ದಾನವಲ್ಲ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದಲೂ ಅದಕ್ಕೆಂದೇ ಜನರಿಂದ ಕರ ಎತ್ತುವ ಪದ್ಧತಿ ಇದೆ.

ಸೇವೆ ಹೇಗೆ ಬದಲಾಯಿತು ಎಂಬುದಕ್ಕೆ ಎಲೆಚುಕ್ಕೆ ರೋಗದ ವಿಷಯವನ್ನೇ ಹೇಳುತ್ತೇನೆ. ಈ ರೋಗ ನಮ್ಮ ಸುತ್ತಿನ ಅಡಿಕೆ ತೋಟಗಳಿಗೆ ಹಬ್ಬಿದ ಮೇಲೆ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಔಷಧಿ ಬರತೊಡಗಿತು. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಮಗೆಲ್ಲ ಬಾಯಿಪಾಠ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಅದನ್ನು ಗೊನೆಗೆ ಹೊಡೆಯುವುದು ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗ ಬರದಿರಲಿ ಎಂದು. ಕೊಳೆಗೆ ಕಾರಣವಾಗುವ ಶಿಲೀಂಧ್ರ ಬೇರೆ, ಸೋಗೆಯಲ್ಲಿ, ಅಂದರೆ ಅಡಿಕೆ ಮರದ ಎಲೆಯಲ್ಲಿ, ಚುಕ್ಕೆ ಎಬ್ಬಿಸುವ ಶಿಲೀಂಧ್ರಗಳು ಬೇರೆ. ಇದನ್ನು ನನಗೆ ಬಿಡಿಸಿ ತೋರಿಸಿದ್ದು ಲೈಬ್ರರಿಯ ಮೇಲ್ವಿಚಾರಕಿ. ಅವರು ಕೃಷಿ ಓದಿದವರಲ್ಲ. ನನ್ನ ಮೊಬೈಲಿಗೆ ಬಂದಿದ್ದ ಮೆಸೇಜನ್ನು ಪಕ್ಕದಲ್ಲಿಟ್ಟುಕೊಂಡು, “ಯಾರು ಬರೆದದ್ದು, ಯಾವಾಗ ಬರೆದದ್ದು, ಯಾವ ಕಡೆ ತೋಟ ನೋಡಿ ಬರೆದದ್ದು, ಇದರಲ್ಲಿ ಒಂದೂ ಇಲ್ವಲ್ಲ ಅಕ್ಕ” ಎಂದರು. ಆಮೇಲೆ ಹುಡುಕಲು ಕೂತರು. ‘ಎಲೆಚುಕ್ಕೆ’ ಎಂದು ಕೂಡಿಸಿ ಟೈಪ್ ಮಾಡಿದರೆ ಒಂದಷ್ಟು, ‘ಎಲೆ ಚುಕ್ಕೆ’ ಎಂದು ಬಿಡಿಸಿದರೆ ಮತ್ತೊಂದಷ್ಟು ಸಿಕ್ಕವು. ಮೂಲ ಯಾವುದೆಂದೇ ತಿಳಿಯದವನ್ನೆಲ್ಲ ಬದಿಗಿಟ್ಟು, ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ್ದು ಯಾವುದು, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಹೇಳಿದ್ದು ಏನು ಎಂದು ನೋಡಿದರು. ಇಂಗ್ಲಿಷಿನಲ್ಲಿದ್ದ ಮುಖ್ಯ ಮಾತುಗಳನ್ನು ಹೈಸ್ಕೂಲ್ ಮೇಷ್ಟ್ರಿಂದ ಕನ್ನಡಕ್ಕೆ ಮಾಡಿಸಿ, ಒಂದು ಹಾಳೆ ಪ್ರಿಂಟ್ ತೆಗೆದು ಬಾಗಿಲ ಪಕ್ಕ ಅಂಟಿಸಿದರು. ರೋಗ ಬಂದ ಸೋಗೆಯನ್ನು ತೋಟದಲ್ಲೇ ಬಿಡದೆ ತೆಗೆದು ಸುಡಬೇಕು ಎನ್ನುವ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಪುಸ್ತಕ ಮುಟ್ಟದವರೂ ಆ ಹಾಳೆ ಓದಲು ನಿಂತರು. ನನ್ನ ಮಟ್ಟಿಗೆ ಲೈಬ್ರರಿ ಎಂದರೆ ಈ ಕೆಲಸ.

ಇನ್ನು ಆನ್‌ಲೈನ್ ಓದು. 2020ರ ಫೆಬ್ರುವರಿಯಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಬೆನ್ನಿಗೇ ಕೊರೊನಾ ಬಂದು ಶಾಲೆ ಮುಚ್ಚಿದಾಗ ಇಂಥದ್ದೊಂದು ಯಾಕೆ ಬೇಕು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಜಾಲತಾಣದಲ್ಲಿರುವ ನಿಘಂಟುಗಳನ್ನು ನನ್ನ ಮಗಳು ಈಗಲೂ ಬಿಡುವುದಿಲ್ಲ. ಆದರೆ ‘ಎಲ್ಲಾ ಮೊಬೈಲಿನಲ್ಲೇ ಸಿಗುತ್ತೆ, ಕಪಾಟು ಯಾಕೆ’ ಎನ್ನುವವರಿಗೆ ಎರಡು ಮಾತು. ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರು ಹುಟ್ಟಿ ಬೆಳೆದ ಈ ಮಲೆನಾಡಿನಲ್ಲೇ ಒಂದು ಮಗು ಅವರ ಕಾದಂಬರಿಯನ್ನು ದುಡ್ಡು ಕೊಡದೆ ಓದಬೇಕೆಂದರೆ, ಇನ್ನೂ ಬಹಳ ವರ್ಷ ಅದಕ್ಕೆ ದಾರಿ ಅಚ್ಚಾದ ಪ್ರತಿ ಇಟ್ಟ ಲೈಬ್ರರಿಯೇ. ಎರಡನೆಯದು, ಹಳೇ ಪುಸ್ತಕಗಳ ಸ್ಕ್ಯಾನ್ ಪ್ರತಿ ಎಷ್ಟೋ ಸಲ ಬರೀ ಚಿತ್ರ. ಒಳಗೆ ಯಾವ ಪುಟದಲ್ಲಿ ಏನಿದೆ ಎಂದು ಹುಡುಕಲು ಬರುವುದಿಲ್ಲ. ಹಳೇ ನುಡಿ ಫಾಂಟಿನಲ್ಲಿ ಮಾಡಿಟ್ಟ ಪಿಡಿಎಫ್ ಆದರೆ ಅಕ್ಷರ ಕಣ್ಣಿಗೆ ಕಾಣುತ್ತದೆ, ಈಗಿನ ಮೊಬೈಲ್, ಕಂಪ್ಯೂಟರ್‌ಗಳೆಲ್ಲ ಬಳಸುವ ಯೂನಿಕೋಡಿನಲ್ಲಿ ನಾವು ಟೈಪ್ ಮಾಡಿ ಹುಡುಕಿದರೆ ‘ಇಲ್ಲ’ ಎನ್ನುತ್ತದೆ. ಕನ್ನಡದ ಆನ್‌ಲೈನ್ ಗ್ರಂಥಾಲಯ ನಡೆಸುವವರು ಮೊದಲು ಗಮನ ಕೊಡಬೇಕಾದದ್ದು ಇಲ್ಲಿ. ಹೊಸದಾಗಿ ಸಾವಿರ ಪುಸ್ತಕ ಸೇರಿಸುವುದು ಆಮೇಲಾಗಲಿ, ಇರುವುದು ಹುಡುಕಿದವರ ಕೈಗೆ ಸಿಗಲಿ.

ಮಕ್ಕಳ ವಿಷಯದಲ್ಲಿ ದೂರಿಲ್ಲ. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ‘ಲೈಬ್ರರಿ ಅಕ್ಕ’ ಇಲ್ಲದಿದ್ದರೆ ಪಂಚಾಯಿತಿ ಮುಂದೆ ಹೋಗಿ ಕೇಳುವಷ್ಟು ಸಲಿಗೆ ಅವಕ್ಕೆ ಬಂದಿದೆ.

ಮಳೆಗಾಲ ಬೇರೆಯೇ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಪುಸ್ತಕದ ರಟ್ಟಿಗೆ ಬೂಸ್ಟು ಹಿಡಿಯುತ್ತದೆ. ಮೇಲ್ವಿಚಾರಕಿ ಕಪಾಟುಗಳನ್ನೆಲ್ಲ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಸಿದ್ದಾರೆ, ಬಿಸಿಲು ಬಿದ್ದ ದಿನ ಕಿಟಕಿ ಪೂರ್ತಿ ತೆಗೆದು ಒಂದೊಂದೇ ಪುಸ್ತಕವನ್ನು ಒಣಬಟ್ಟೆಯಲ್ಲಿ ಒರೆಸುತ್ತಾರೆ. ನೆಟ್ ಇದ್ದಾಗ ಬೇಕಾಗುವ ಪಾಠ, ಹಳೇ ಪ್ರಶ್ನೆಪತ್ರಿಕೆಗಳನ್ನು ಇಳಿಸಿಟ್ಟುಕೊಂಡಿರುತ್ತಾರೆ. ಮಲೆನಾಡಿನಲ್ಲಿ ಡಿಜಿಟಲ್ ಸೇವೆ ನಡೆಯಬೇಕಾದರೆ ಹೀಗೆ ಮುಂಚೆಯೇ ಇಳಿಸಿಡುವುದನ್ನು ನಿಯಮವನ್ನಾಗಿಯೇ ಮಾಡಬೇಕು.

ಒಂದು ಅಂಕ ಕಡಿಮೆ ಕೊಟ್ಟದ್ದಕ್ಕೆ ಕಾರಣ ಆಡಳಿತದವರ ಒಂದು ಅಭ್ಯಾಸ. ಲೈಬ್ರರಿ ಪಂಚಾಯಿತಿಯ ಕೈಗೆ ಬಂದದ್ದರಿಂದ ಎಷ್ಟು ಅನುಕೂಲವಾಯಿತೋ, ಅದರ ಮೇಲೆ ಕೈಹಾಕುವುದೂ ಅಷ್ಟೇ ಸುಲಭವಾಗಿದೆ. ಸರ್ವೆ ಬಂದರೆ ಮೇಲ್ವಿಚಾರಕಿಯನ್ನು ಕಳಿಸು, ಮೀಟಿಂಗ್ ಇದ್ದರೆ ಓದುವ ಕೋಣೆ ಬಿಡಿಸು. ಪರೀಕ್ಷೆ ಹತ್ತಿರವಿರುವಾಗ ಮಕ್ಕಳು ಬಂದು ಬೀಗ ನೋಡಿ ವಾಪಸ್ ಹೋದದ್ದನ್ನು ನಾನೇ ಕಂಡಿದ್ದೇನೆ, ತುಂಬಾ ಬೇಜಾರಾಯಿತು. ಪೂರ್ತಿ ದಿನದ ಕೆಲಸ ಕೊಟ್ಟ ಮೇಲೆ ಆ ದಿನವನ್ನು ಅವರಿಗೇ ಬಿಡಬೇಕು. ಯಾವ ಪುಸ್ತಕ ತರಿಸಬೇಕು ಎಂಬುದರಲ್ಲೂ ಅವರ ಮಾತು ನಡೆಯಬೇಕು. ಊರಿನಲ್ಲಿ ಯಾರು ಏನು ಓದುತ್ತಾರೆ ಎಂದು ಅವರಷ್ಟು ಬಲ್ಲವರು ಇನ್ಯಾರೂ ಇಲ್ಲ.

ಮುಂದಿನ ಗ್ರಾಮಸಭೆಗೆ ನಾವು ಕೆಲವು ಹೆಂಗಸರು ಸೇರಿ ಅರ್ಜಿ ಬರೆದಿಟ್ಟಿದ್ದೇವೆ. ಮೇಲ್ವಿಚಾರಕಿ ಬೇರೆ ಡ್ಯೂಟಿಗೆ ಹೋದ ದಿನ ಬಾಗಿಲು ತೆಗೆಯಲು ಇನ್ನೊಬ್ಬರನ್ನು ನೇಮಿಸಬೇಕು, ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ತೋಟದ ಕೆಲಸ ಮುಗಿಸಿ ಬರುವವರಿಗಾಗಿ ರಾತ್ರಿ ಎಂಟರವರೆಗೆ ತೆರೆದಿಡಬೇಕು, ಓದುವ ಕೋಣೆಯಲ್ಲಿ ಮೀಟಿಂಗ್ ನಡೆಸಬಾರದು. ನಿಮ್ಮ ಪಂಚಾಯಿತಿಯಲ್ಲೂ ಇದೇ ತೊಂದರೆ ಇದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಬರೆದು ಕೊಡಿ, ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಂಡೇ ಮನೆಗೆ ಹೋಗಿ.